ಮಳೆನೀರಿನ ಇಂಗುವಿಕೆ

ಮಳೆನೀರಿನ ಇಂಗುವಿಕೆ ಎಂದರೆ ನೆಲದ ಮೇಲೆ ಬಿದ್ದ ಮಳೆಯ ನೀರು ಮಣ್ಣಿನೊಳಗೆ ಪ್ರವೇಶಿಸುವ ಕ್ರಿಯೆ. ಹೀಗೆ ಒಳಸೇರಿದ ನೀರು ಮಣ್ಣಿನ ಕಣಗಳ ನಡುವಿನ ರಂಧ್ರಗಳ ಮೂಲಕ ಕೆಳಕ್ಕೆ ಇಳಿಯುವುದನ್ನು ಬಸಿಯುವಿಕೆ ಎನ್ನುತ್ತಾರೆ. ಬೆಳೆಗೆ ದೊರೆಯುವ ತೇವವೂ ಬಾವಿಗಳಿಗೆ ಒದಗುವ ಅಂತರ್ಜಲವೂ ಈ ಕ್ರಿಯೆಗಳನ್ನು ಅವಲಂಬಿಸಿವೆ.

ಚಲನೆಯ ವಿಧಾನ

ಮಣ್ಣಿನಲ್ಲಿ ನೀರನ್ನು ಚಲಿಸುವಂತೆ ಮಾಡುವ ಮುಖ್ಯ ಬಲಗಳು ಎರಡು. ಗುರುತ್ವವು ನೀರನ್ನು ಕೆಳಕ್ಕೆ ಎಳೆಯುತ್ತದೆ. ಲೋಮನಾಳ ಸೆಳೆತವು, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ನೀರನ್ನು ತೇವವಿರುವ ಕಡೆಯಿಂದ ಒಣಗಿದ ಕಡೆಗೆ ಒಯ್ಯುತ್ತದೆ. ಒಣನೆಲದ ಮೇಲೆ ಮಳೆ ಬಿದ್ದಾಗ ಎರಡೂ ಬಲಗಳು ಕೂಡಿ ಕೆಲಸ ಮಾಡುವುದರಿಂದ ಆರಂಭದಲ್ಲಿ ನೀರು ಬೇಗನೆ ಇಂಗುತ್ತದೆ. ಮಣ್ಣು ನೆನೆದಂತೆಲ್ಲ ವೇಗವು ತಗ್ಗಿ, ಕೊನೆಗೆ ಬಹುಮಟ್ಟಿಗೆ ಸ್ಥಿರವಾಗುತ್ತದೆ. ಮಳೆಯ ರಭಸವು ಇಂಗುವ ವೇಗವನ್ನು ಮೀರಿದಾಗ ಹೆಚ್ಚುವರಿ ನೀರು ನೆಲದ ಮೇಲೆಯೇ ಹರಿದುಹೋಗುತ್ತದೆ. ಅಮೆರಿಕದ ಜಲವಿಜ್ಞಾನಿ ರಾಬರ್ಟ್ ಹಾರ್ಟನ್ 1933ರಲ್ಲಿ ಇದನ್ನು ವಿವರಿಸಿದರು.

ಮಳೆ ನಿಂತ ಬಳಿಕವೂ ಚಲನೆ ಮುಂದುವರಿಯುತ್ತದೆ. ದೊಡ್ಡ ರಂಧ್ರಗಳಲ್ಲಿನ ನೀರು ಸಾಮಾನ್ಯವಾಗಿ 2–3 ದಿನಗಳಲ್ಲಿ ಬಸಿದುಹೋಗಿ, ಸಣ್ಣ ರಂಧ್ರಗಳಲ್ಲಿನ ನೀರು ಮಾತ್ರ ಉಳಿಯುತ್ತದೆ. ಆಗ ಮಣ್ಣಿನಲ್ಲಿರುವ ನೀರಿನ ಪ್ರಮಾಣಕ್ಕೆ ‘ಕ್ಷೇತ್ರ ಧಾರಣ ಸಾಮರ್ಥ್ಯ’ ಎಂದು ಹೆಸರು. ಬೇರುಗಳು ಬಹುಪಾಲು ಹೀರಿಕೊಳ್ಳುವುದು ಈ ನೀರನ್ನೇ.

ಮಣ್ಣಿನ ಬಗೆಗಳು

ಚೆನ್ನಾಗಿ ನೆನೆದ ಮರಳುಮಣ್ಣಿನಲ್ಲಿ ಗಂಟೆಗೆ 30 ಮಿ.ಮೀ.ಗೂ ಹೆಚ್ಚು ನೀರು ಇಂಗಬಲ್ಲದು. ಜೇಡಿಮಣ್ಣಿನಲ್ಲಿ ಈ ಪ್ರಮಾಣ ಸುಮಾರು 1ರಿಂದ 5 ಮಿ.ಮೀ. ಮಾತ್ರ.

ಉತ್ತರ ಕರ್ನಾಟಕದ ಎರೆಮಣ್ಣು ಬೇಸಿಗೆಯಲ್ಲಿ ಆಳವಾಗಿ ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಈ ಬಿರುಕುಗಳ ಮೂಲಕ ನೇರವಾಗಿ ಕೆಳಗಿಳಿಯುತ್ತದೆ. ಅನಂತರ ಜೇಡಿ ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುವುದರಿಂದ ಇಂಗುವಿಕೆ ಮಂದವಾಗುತ್ತದೆ. ಆದರೆ ಎರೆಮಣ್ಣು ತೇವವನ್ನು ಬಹುಕಾಲ ಹಿಡಿದಿಡುತ್ತದೆ. ಹಿಂಗಾರಿನ ಬಿಳಿಜೋಳ ಮತ್ತು ಕಡಲೆ ಬೆಳೆಗಳಿಗೆ ಇದೇ ಆಧಾರ. ಕರಾವಳಿಯ ಜಂಬಿಟ್ಟಿಗೆ ನೆಲ ರಂಧ್ರಮಯವಾದುದರಿಂದ ನೀರು ಬೇಗನೆ ಆಳಕ್ಕಿಳಿದು, ಗುಡ್ಡಗಳ ಬದಿಯಲ್ಲಿ ಒಸರುತ್ತದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲೆಗಳ ಕೃಷಿಕರು ಗುಡ್ಡವನ್ನು ಅಡ್ಡವಾಗಿ ಕೊರೆದ ಸುರಂಗಗಳಿಂದ ಈ ನೀರನ್ನು ಪಡೆಯುತ್ತಾರೆ.

ಇಂಗುವಿಕೆಯ ಸಂರಕ್ಷಣೆ

ಬರಿನೆಲಕ್ಕೆ ಬಡಿಯುವ ಮಳೆಹನಿಗಳು ಮಣ್ಣಿನ ಹೆಂಟೆಗಳನ್ನು ಒಡೆಯುತ್ತವೆ. ಹೀಗೆ ಬಿಡಿಯಾದ ನುಣುಪು ಕಣಗಳು ರಂಧ್ರಗಳನ್ನು ಮುಚ್ಚಿ ಮೇಲೆ ಗಟ್ಟಿ ಪದರವಾಗುತ್ತವೆ. ಭಾರವಾದ ಯಂತ್ರಗಳ ಓಡಾಟವೂ ಮಣ್ಣನ್ನು ಒತ್ತಿ ರಂಧ್ರಗಳನ್ನು ಕುಗ್ಗಿಸುತ್ತದೆ. ಗಿಡಗಳ ಹೊದಿಕೆ ಮತ್ತು ತರಗೆಲೆಗಳು ಹನಿಯ ಪೆಟ್ಟನ್ನು ತಡೆಯುತ್ತವೆ. ಬೇರುಗಳು ಮತ್ತು ಎರೆಹುಳುಗಳು ನೀರಿಗೆ ದಾರಿ ಮಾಡುತ್ತವೆ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದು ಹಾಕುವುದು ಹರಿಯುವ ನೀರನ್ನು ನಿಧಾನಿಸಿ ಇಂಗಲು ಕಾಲಾವಕಾಶ ನೀಡುತ್ತವೆ. ಆದ್ದರಿಂದ ಒಂದೇ ಪ್ರಮಾಣದ ಮಳೆ ಸುರಿದರೂ ಅದರಲ್ಲಿ ನೆಲಕ್ಕೆ ದಕ್ಕುವ ಪಾಲು ಮಣ್ಣಿನ ಮೇಲ್ಮೈಯ ಸ್ಥಿತಿಯನ್ನು ಅನುಸರಿಸಿ ಬೇರೆಬೇರೆಯಾಗಿರುತ್ತದೆ.