ಒಂದೇ ಮನೆತನ, ಎರಡು ಅಡ್ಡಹೆಸರು

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಫ್ರೆಂಚ್ ಮನೆತನಗಳಲ್ಲಿ ಅಣ್ಣನ ಅಡ್ಡಹೆಸರು ಒಂದು, ತಮ್ಮನದು ಮತ್ತೊಂದು ಆಗಿರುವುದುಂಟು. ಇದಕ್ಕೆ ಕಾರಣ ‘ದಿ’ ಎಂಬ ಫ್ರೆಂಚ್ ಪದ. ನಮ್ಮ ಕಾಗದಪತ್ರಗಳ ‘ಯಾನೆ’ ಇದ್ದಂತೆ. 17ನೇ ಶತಮಾನದಲ್ಲಿ ಬಂದು ನೆಲೆಸಿದವರಿಗೆ ಸೈನ್ಯದಲ್ಲಿಟ್ಟ ಹೆಸರೋ, ಜಮೀನಿನ ಹೆಸರೋ ಹೀಗೆ ಅಂಟಿಕೊಂಡಿತು. ‘ಮಿವಿಲ್ ದಿ ದೆಶೆನ್’ ಮನೆತನದಲ್ಲಿ ಕೆಲವರು ಮಿವಿಲ್ ಆಗಿ ಉಳಿದರು, ಕೆಲವರು ದೆಶೆನ್ ಆದರು. ಮುಂದೆ ಅಮೆರಿಕದ ಗಿರಣಿಗಳಿಗೆ ದುಡಿಯಲು ಹೋದ ‘ಬುವಾವೆರ್’ಗಳಲ್ಲಿ ಕೆಲವರು ಅದೇ ಅರ್ಥದ ‘ಗ್ರೀನ್‌ವುಡ್’ ಎನಿಸಿಕೊಂಡರು.

ಹಾಗಾದರೆ ವಂಶದ ಜಾಡು ಹಿಡಿಯುವುದು ಹೇಗೆ? ಕ್ಯಾಥೊಲಿಕ್ ಚರ್ಚುಗಳ ಮದುವೆ ದಾಖಲೆಯಲ್ಲಿ ವಧೂವರರ ತಂದೆ-ತಾಯಿಯರ ಹೆಸರೂ ಇರುವುದು ಸಾಮಾನ್ಯ. ಅಲ್ಲಿ ಹೆಣ್ಣಿಗೆ ಮದುವೆಯ ನಂತರವೂ ತವರಿನ ಅಡ್ಡಹೆಸರೇ. ಈ ದಾಖಲೆಗಳನ್ನು ಆಧರಿಸಿ ಪಾದ್ರಿ ಸಿಪ್ರಿಯೆನ್ ತಾಂಗೆ 1871ರಿಂದ 1890ರವರೆಗೆ 7 ಸಂಪುಟಗಳ ವಂಶಾವಳಿ ಕೋಶವನ್ನು ಹೊರತಂದರು. ತಂದೆಯ ಹೆಸರು ಬದಲಾದ ಕಡೆ ತಾಯಿಯ ತವರುಹೆಸರೇ ದಾರಿ ತೋರಿಸುತ್ತದೆ.