ಬಾಡಿಗೆಯ ಕಾರು, ಮಳೆಗಾಲದ ಮನೆ ಮತ್ತು ವಿಮೆ

ದಸರೆಯ ರಜೆ ಬಂದಿತೆಂದರೆ ನಮ್ಮ ನಗರದ ಅನೇಕ ಕುಟುಂಬಗಳು ಪ್ರವಾಸಕ್ಕೆ ಹೊರಡುವುದು ವಾಡಿಕೆ. ಅಂತಹ ಒಂದು ಕುಟುಂಬವು ರೈಲಿನಲ್ಲಿ ವಿಶಾಖಪಟ್ಟಣಕ್ಕೆ ಹೋಗಿ, ಅಲ್ಲಿ ಕಾರೊಂದನ್ನು ಬಾಡಿಗೆಗೆ ಪಡೆದು, ಅರಕು ಕಣಿವೆಯನ್ನೂ ಬೊರ್ರಾ ಗುಹೆಗಳನ್ನೂ ನೋಡಿ, ಬಳಿಕ ಸುಮಾರು 350 ಕಿಲೋಮೀಟರ್ ದೂರದ ವಿಜಯವಾಡದಲ್ಲಿರುವ ಬಂಧುಗಳ ಮನೆಗೆ ಹೊರಟಿತೆಂದು ಭಾವಿಸೋಣ. ಕಾರು ಅವರ ಸ್ವಂತದ್ದಲ್ಲ. ಬಂಧುಗಳು ವಾಸಿಸುವ ಮನೆಯೂ ಬಾಡಿಗೆಯದೇ. ದಾರಿಯಲ್ಲಿ ಕಾರಿಗೆ ಪೆಟ್ಟಾದರೆ, ಮಳೆಯಲ್ಲಿ ಮನೆಗೆ ನೀರು ನುಗ್ಗಿದರೆ, ಆ ನಷ್ಟವನ್ನು ಹೊರುವವರಾರು? "ವಿಮೆ ಇದೆಯಲ್ಲ!" ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ವಿಮೆಯು ಏನನ್ನು ತುಂಬಿಕೊಡುತ್ತದೆ, ಏನನ್ನು ತುಂಬಿಕೊಡುವುದಿಲ್ಲ ಎಂಬುದನ್ನು ವಿಚಾರಿಸಿದವರು ವಿರಳ.

ವಿಮೆಯೆಂದರೆ ಹಲವರು ಸ್ವಲ್ಪಸ್ವಲ್ಪ ಹಣವನ್ನು ಕೂಡಿಸಿ, ಅವರಲ್ಲಿ ಕೆಲವರ ಮೇಲೆ ಅಕಸ್ಮಾತ್ತಾಗಿ ಬೀಳುವ ದೊಡ್ಡ ನಷ್ಟವನ್ನು ತುಂಬಿಕೊಡುವ ಏರ್ಪಾಡು. ಇಲ್ಲಿ 'ಅಕಸ್ಮಾತ್ತಾಗಿ' ಎಂಬ ಮಾತೇ ಮುಖ್ಯ.

ಮೊದಲು ಕಾರಿನ ವಿಚಾರ. 1988ರ ಮೋಟಾರು ವಾಹನಗಳ ಕಾನೂನಿನಂತೆ, ರಸ್ತೆಗಿಳಿಯುವ ವಾಹನಕ್ಕೆ ಮೂರನೆಯವರ ವಿಮೆಯು ಕಡ್ಡಾಯ. ಇದು ನಮ್ಮ ಕಾರಿನಿಂದ ಇತರರಿಗೆ ಆಗುವ ಹಾನಿಗೆ ಮಾತ್ರ. ಕಾರಿಗೇ ಆಗುವ ಹಾನಿಗೆ ಬೇರೆ ವಿಮೆ ಬೇಕು, ಅದು ಐಚ್ಛಿಕ. ಬಾಡಿಗೆಯ ಕಾರಿನಲ್ಲಿ ಈ ಎರಡೂ ಮಾಲಿಕನ ಹೆಸರಿನಲ್ಲಿ ಇರುತ್ತವೆ. ಹಾಗಿದ್ದ ಮೇಲೆ ಬಾಡಿಗೆದಾರನು ನಿಶ್ಚಿಂತನೇ? ಅಲ್ಲ. ಅವನಿಗೂ ಮಾಲಿಕನಿಗೂ ಆಗುವ ಕರಾರು ಬೇರೆಯೇ ಒಂದು ಕಾಗದ. ಹಾನಿಯಾದರೆ ಇಂತಿಷ್ಟು ಹಣದವರೆಗೆ ಬಾಡಿಗೆದಾರನೇ ಕೊಡತಕ್ಕದ್ದು ಎಂದು ಅದರಲ್ಲಿ ಬರೆದಿರುವುದುಂಟು. ನಾವು ಸಣ್ಣ ಅಕ್ಷರಗಳನ್ನು ಓದದೆ ರುಜು ಹಾಕುವುದು ಇಲ್ಲಿಯೇ!

ಸಂಖ್ಯೆಯ ಫಲಕವನ್ನೂ ಗಮನಿಸಬೇಕು. ನಾವೇ ನಡೆಸಿಕೊಂಡು ಹೋಗಲು ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುತ್ತವೆ. ಬಿಳಿಯ ಫಲಕದ ಕಾರು ಮನೆಬಳಕೆಯದು. ಅದನ್ನು ಹಣಕ್ಕಾಗಿ ಬಾಡಿಗೆಗೆ ಕೊಟ್ಟರೆ ಅದು ವಿಮೆಯ ಷರತ್ತಿಗೆ ವಿರುದ್ಧ. ಅಪಘಾತವಾದಾಗ ಕಾರಿನ ನಷ್ಟವನ್ನು ಕೊಡಲು ವಿಮಾ ಸಂಸ್ಥೆಯು ನಿರಾಕರಿಸಬಹುದು. ಲೈಸೆನ್ಸು ಇಲ್ಲದವನು ನಡೆಸಿದರೂ ಹೀಗೆಯೇ.

ಇನ್ನು ನೀರಿನ ವಿಚಾರ. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ವಿಜಯವಾಡದಲ್ಲಿ ಬುಡಮೇರು ಎಂಬ ಹಳ್ಳವು ಉಕ್ಕಿ ಹರಿದು, ಅಜಿತ್ ಸಿಂಗ್ ನಗರ ಮೊದಲಾದ ಬಡಾವಣೆಗಳು ಹಲವು ದಿನ ನೀರಿನಲ್ಲಿ ನಿಂತವು. ಅದೇ ವೇಳೆಗೆ ಕೃಷ್ಣಾ ನದಿಯ ಪ್ರಕಾಶಂ ಬ್ಯಾರೇಜಿನಲ್ಲಿ ಸೆಕೆಂಡಿಗೆ 11 ಲಕ್ಷ ಘನ ಅಡಿಗೂ ಮೀರಿ ನೀರು ಹರಿಯಿತು. ಮನೆಗಳ ಮುಂದೆ ನಿಂತಿದ್ದ ಅಸಂಖ್ಯ ವಾಹನಗಳು ಮುಳುಗಿದವು. 2022ರ ಸೆಪ್ಟೆಂಬರಿನಲ್ಲಿ ನಮ್ಮ ಬೆಂಗಳೂರಿನ ಬೆಳ್ಳಂದೂರಿನ ಸುತ್ತಮುತ್ತಲೂ ಇಂತಹುದೇ ನೋಟವಿದ್ದಿತು.

ಹೀಗೆ ಮುಳುಗಿದ ಕಾರಿನಿಂದ ನೀರು ಇಳಿದೊಡನೆ ಮಾಲಿಕನು ಆತುರದಿಂದ ಮಾಡುವ ಮೊದಲ ಕೆಲಸವೇನು? ಕೀಲಿ ತಿರುಗಿಸಿ ನೋಡುವುದು. ಅತ್ಯಂತ ದೊಡ್ಡ ತಪ್ಪು ಇದೇ. ವಿಜ್ಞಾನದ ಪಾಠವನ್ನು ನೆನೆದುಕೊಳ್ಳಿರಿ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಕೊಂತವು ಮೇಲೇರುವಾಗ ಒಳಗಿನ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಸುಮಾರು ಹತ್ತನೆಯ ಒಂದು ಭಾಗದಷ್ಟು ಜಾಗಕ್ಕೆ ಒತ್ತಲ್ಪಡುತ್ತದೆ. ಅನಿಲವು ಕುಗ್ಗುತ್ತದೆ, ನೀರು ಕುಗ್ಗದು. ಒಳಗೆ ನೀರಿದ್ದರೆ, ಮೇಲೇರುವ ಕೊಂತವು ಕಲ್ಲಿಗೆ ಬಡಿದಂತೆ ತಡೆಯಲ್ಪಟ್ಟು, ಅದನ್ನು ತಳ್ಳುವ ಉಕ್ಕಿನ ದಂಡವೇ ಬಾಗುತ್ತದೆ. ಕೆಲವೊಮ್ಮೆ ಎಂಜಿನ್ನೇ ಒಡೆಯುತ್ತದೆ. ವಿಮಾ ಸಂಸ್ಥೆಯು ಆಗ ಹೇಳುವುದೇನು? "ನೆರೆಯು ಕಾರನ್ನು ಮುಳುಗಿಸಿತು, ಅದು ಅಕಸ್ಮಾತ್. ಎಂಜಿನ್ನನ್ನು ಕೆಡಿಸಿದ್ದು ನೆರೆಯಲ್ಲ, ಚಾಲಕನ ಕೈ." ಎಂಜಿನ್ ರಕ್ಷಣೆಗೆಂದು ಹೆಚ್ಚಿನ ಕಂತನ್ನು ಕಟ್ಟದಿದ್ದಲ್ಲಿ ಆ ದುರಸ್ತಿಯ ವೆಚ್ಚವು ಸಾಮಾನ್ಯವಾಗಿ ದೊರೆಯುವುದಿಲ್ಲ. ಬಾಡಿಗೆಯ ಕಾರಾದರೆ ಆ ಹಣವನ್ನು ಮಾಲಿಕನು ಬಾಡಿಗೆದಾರನಿಂದಲೇ ಕೇಳುವನು. ಆದುದರಿಂದ ನೀರು ಹೊಕ್ಕ ಕಾರನ್ನು ಚಾಲೂ ಮಾಡದೆ, ಚಿತ್ರಗಳನ್ನು ತೆಗೆದಿರಿಸಿ, ಒಡನೆಯೇ ಮಾಲಿಕನಿಗೂ ವಿಮಾ ಸಂಸ್ಥೆಗೂ ತಿಳಿಸಿ, ಎಳೆಸಿಕೊಂಡು ಹೋಗತಕ್ಕದ್ದು.

ಮನೆಯ ಮಾತೂ ಇದಕ್ಕಿಂತ ಬೇರೆಯಲ್ಲ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಬಡಿದ ಚಂಡಮಾರುತದ ಹೆಸರು ಹುದ್‌ಹುದ್. (ತಲೆಯ ಮೇಲೆ ಜುಟ್ಟುಳ್ಳ ಚಂದ್ರಮುಕುಟ ಹಕ್ಕಿಗೆ ಅರಬ್ಬಿಯಲ್ಲಿ ಈ ಹೆಸರು, ಅಷ್ಟು ಸೌಮ್ಯವಾದ ಹಕ್ಕಿಗೂ ಆ ಗಾಳಿಗೂ ಏನು ಸಂಬಂಧವೋ!) ಮರಗಳು ಬುಡಸಹಿತ ಉರುಳಿದವು, ವಿಮಾನ ನಿಲ್ದಾಣವೂ ಹಾನಿಗೊಂಡಿತು. ಇಂತಹ ಬಿರುಗಾಳಿ, ನೆರೆ, ಬೆಂಕಿ, ಭೂಕಂಪಗಳಿಂದ ಮನೆಗಾಗುವ ನಷ್ಟಕ್ಕೆ 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯು ದೇಶದಲ್ಲಿ ಜಾರಿಗೆ ಬಂದಿದೆ. ಆದರೆ ಕಾಲಕ್ರಮದ ಸವೆತ ಅದರಲ್ಲಿ ಸೇರುವುದಿಲ್ಲ. ಚಂಡಮಾರುತವು ಸೂರನ್ನು ಹಾರಿಸಿದರೆ ಪರಿಹಾರವುಂಟು. ತಾರಸಿಯ ನೀರಿನ ಕೊಳವೆಯು ಎಲೆಗಳಿಂದ ಕಟ್ಟಿಕೊಂಡು, ವರ್ಷವರ್ಷವೂ ನೀರು ನಿಂತು, ಗೋಡೆ ಜಿನುಗಿದರೆ ಇಲ್ಲ.

ಸಮುದ್ರ ತೀರದ ವಿಶಾಖಪಟ್ಟಣದಲ್ಲಿ ಮತ್ತೊಂದು ತೊಂದರೆ. ಉಪ್ಪಿನ ಗಾಳಿಯು ಬಿರುಕಿನ ಮೂಲಕ ಕಾಂಕ್ರೀಟಿನ ಒಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣವು ಮೊದಲಿಗಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಕಾಂಕ್ರೀಟು ಸಿಡಿದು ಉದುರುತ್ತದೆ. ಸಣ್ಣ ಬಿರುಕನ್ನು ಬೇಸಗೆಯಲ್ಲಿಯೇ ಮುಚ್ಚಿದರೆ ಸ್ವಲ್ಪ ಸಿಮೆಂಟಿನಿಂದ ಕೆಲಸ ತೀರುತ್ತದೆ. ಜೂನ್ ತಿಂಗಳಿಗೆ ಮುಂಚೆ ತಾರಸಿಯ ಕೊಳವೆಗಳನ್ನು ತೊಳೆಯುವುದು, ಅಕ್ಟೋಬರಿಗೆ ಮುಂಚೆ ತಗಡಿನ ಮಾಡಿನ ಬೋಲ್ಟುಗಳನ್ನು ಬಿಗಿಯುವುದು, ಸೂರಿಗೆ ತಾಗುವ ಕೊಂಬೆಗಳನ್ನು ಕಡಿಸುವುದು: ಆ ಕರಾವಳಿಯಲ್ಲಿ ಇವನ್ನು ಪಂಚಾಂಗ ನೋಡಿದಂತೆ ನೋಡಿ ಮಾಡಬೇಕು, ಏಕೆಂದರೆ ಅಲ್ಲಿ ಚಂಡಮಾರುತಗಳು ಹೆಚ್ಚಾಗಿ ಬರುವುದು ಮಳೆಗಾಲ ಮುಗಿಯಿತೆಂದು ಜನ ನಿಟ್ಟುಸಿರು ಬಿಡುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ.

ವಿಜಯವಾಡದ ಆ ಬಂಧುಗಳ ಮನೆಯೇನೋ ಬಾಡಿಗೆಯದು. ಕಟ್ಟಡದ ವಿಮೆ ಮಾಲಿಕನಿಗೆ ಸೇರಿದ್ದು. ಹಾಸಿಗೆ, ಬೀರು, ಹೊಲಿಗೆಯಂತ್ರ ಇವು ಬಾಡಿಗೆದಾರರವು, ಮಾಲಿಕನ ಪಾಲಿಸಿಯು ಇವಕ್ಕೆ ಒದಗದು. ಸಾಮಾನುಗಳಿಗೆ ಮಾತ್ರವೇ ವಿಮೆ ಮಾಡಿಸಲು ಅವಕಾಶವಿದೆಯೆಂಬುದು ಅನೇಕ ಬಾಡಿಗೆದಾರರಿಗೆ ತಿಳಿಯದು. ನೆರೆ ಇಳಿದ ಮೇಲೆ ಕೆಸರು ತೆಗೆಯುವ ಮುನ್ನ ಪ್ರತಿಯೊಂದು ವಸ್ತುವಿನ ಚಿತ್ರವನ್ನು ತೆಗೆಯಬೇಕು, ಕೆಟ್ಟ ಸಾಮಾನನ್ನು ಸಮೀಕ್ಷಕನು ಬಂದು ನೋಡುವವರೆಗೆ ಎಸೆಯದೆ ಒಂದು ಮೂಲೆಯಲ್ಲಿ ಇರಿಸಬೇಕು. ಕೊಂಡ ರಸೀತಿಗಳನ್ನು ಎತ್ತರದ ಅಟ್ಟದ ಮೇಲೆ ಮೊದಲೇ ಇರಿಸಿದ್ದವರಿಗೆ ಆ ದಿನ ಕೆಲಸವು ಸುಲಭ.