ತಂಡ ನಮ್ಮದಾಯಿತು, ಸೀಟು ನಮ್ಮದಾಗಲಿಲ್ಲ

ಕಾರ ಹುಣ್ಣಿಮೆಯಂದು ಕಲ್ಯಾಣ ಕರ್ನಾಟಕದ ಊರುಗಳಲ್ಲಿ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಅಗಸೆಯ ಬಳಿ ಕರಿ ಹರಿಯುವ ಪದ್ಧತಿ ಇದೆ. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಹುಲುಸಾದೀತೆಂದು ಹೇಳುವವರಿದ್ದಾರೆ. ಕುರಕುಂಟಾ, ಸೇಡಂ, ಚಿತ್ತಾಪುರದ ಕಡೆ ಹಬ್ಬ ಮುಗಿದರೂ ಕಟ್ಟೆಯ ಮೇಲಿನ ಮಾತು ಮುಗಿಯುವುದಿಲ್ಲ. ಗೆದ್ದದ್ದು ಎತ್ತಿನ ಕಸುವೋ, ಮೇಯಿಸಿದ ಒಡೆಯನ ಆರೈಕೆಯೋ, ಜೊತೆಗೆ ಓಡಿದ ಹುಡುಗನ ಜಾಣತನವೋ ಎಂಬ ವಾದ ಎಂದೂ ಇತ್ಯರ್ಥವಾಗದು.

ಓಟ ಯಾವುದಾದರೂ ವಾದ ಇದೇ. ಜಗತ್ತಿನ ಅತಿ ದುಬಾರಿ ಓಟವಾದ ಫಾರ್ಮುಲಾ ಒನ್ ಕಾರ್ ರೇಸಿನ ಅಭಿಮಾನಿಗಳೂ 1950ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದಂದಿನಿಂದ ಇದನ್ನೇ ಚರ್ಚಿಸುತ್ತಿದ್ದಾರೆ: ಗೆದ್ದದ್ದು ಕಾರೋ, ಚಾಲಕನೋ? ಕನ್ನಡ ನಾಡಿನ ಅಭಿಮಾನಿಗಳಿಗೆ ಇದರ ಜೊತೆಗೆ ಇನ್ನೊಂದು ತಕರಾರೂ ಇದೆ. ಬೆಂಗಳೂರಿನ ಉದ್ಯಮಿಯೊಬ್ಬರು ಹತ್ತು ವರ್ಷಕ್ಕೂ ಮೇಲ್ಪಟ್ಟು ಫಾರ್ಮುಲಾ ಒನ್ ತಂಡವೊಂದರ ಒಡೆಯರಾಗಿದ್ದರು. ಆದರೂ ಅದರ ಕಾರಿನಲ್ಲಿ ಕುಳಿತು ಒಬ್ಬ ಭಾರತೀಯನೂ ಏಕೆ ರೇಸು ಓಡಿಸಲಿಲ್ಲ?

ಉತ್ತರ ಹುಡುಕುವ ಮೊದಲು ಸೀಟು ಎಂದರೇನು ಎಂದು ನೋಡಬೇಕು. ಇಲ್ಲಿ ‘ಫಾರ್ಮುಲಾ’ ಎಂದರೆ ನಿಯಮಾವಳಿ. ಕಾರಿನ ತೂಕ, ಎಂಜಿನ್, ಟೈರು ಎಲ್ಲಕ್ಕೂ ಕಟ್ಟಳೆಯಿದೆ. ಆ ಕಟ್ಟಳೆಯೊಳಗೆ ಪ್ರತಿ ತಂಡವೂ ತನ್ನ ಕಾರನ್ನು ತಾನೇ ರೂಪಿಸಿಕೊಳ್ಳಬೇಕು. ಒಂದು ತಂಡಕ್ಕೆ ಎರಡೇ ಕಾರು. 2025ರವರೆಗೆ ಹತ್ತು ತಂಡಗಳಿದ್ದವು, ಅಂದರೆ 20 ಸೀಟು. 2026ರಲ್ಲಿ ಕ್ಯಾಡಿಲ್ಯಾಕ್ ಸೇರಿದ ಮೇಲೆ 22 ಆಯಿತು. ಇಡೀ ಭೂಮಂಡಲಕ್ಕೆ ಇಷ್ಟೇ ಸ್ಥಾನ. ನಮ್ಮ ವಿಧಾನಸಭೆಯಲ್ಲೇ 224 ಸ್ಥಾನಗಳಿವೆ ಎಂಬುದನ್ನು ನೆನೆದರೆ ಪೈಪೋಟಿ ಎಷ್ಟೆಂದು ತಿಳಿದೀತು.

ಬೆಂಗಳೂರಿನ ಆ ಉದ್ಯಮಿ ವಿಜಯ್ ಮಲ್ಯ. 1980ರ ದಶಕದಲ್ಲಿ ಮದ್ರಾಸಿನ ಬಳಿಯ ಶೋಲಾವರಂನಲ್ಲಿ ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನು ಸ್ವತಃ ಓಡಿಸಿದವರು. 2007ರಲ್ಲಿ ಡಚ್ ಉದ್ಯಮಿ ಮಿಖಿಲ್ ಮೋಲ್ ಜೊತೆ ಸೇರಿ ಸ್ಪೈಕರ್ ತಂಡವನ್ನು ಕೊಂಡರು. 2008ರಿಂದ ಅದು ‘ಫೋರ್ಸ್ ಇಂಡಿಯಾ’ ಆಯಿತು. ಹೆಸರು ಇಂಡಿಯಾ, ಬಣ್ಣದಲ್ಲಿ ಕೇಸರಿ, ಹಸಿರು; ಕಾರ್ಖಾನೆ ಮಾತ್ರ ಇಂಗ್ಲೆಂಡಿನ ಸಿಲ್ವರ್‌ಸ್ಟನ್‌ನಲ್ಲಿ. ಹಿಂದಿನ ಸಾಲಿನಲ್ಲಿದ್ದ ಈ ತಂಡ 2009ರ ಬೆಲ್ಜಿಯಂ ರೇಸಿನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಹೊರಟು, ಎರಡನೆಯದಾಗಿ ಗುರಿ ಮುಟ್ಟಿತು. 2016 ಮತ್ತು 2017ರಲ್ಲಿ ತಂಡಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ತನಗಿಂತ ಎಷ್ಟೋ ಪಟ್ಟು ಶ್ರೀಮಂತರ ನಡುವೆ ಇದು ಸಣ್ಣ ಸಾಧನೆಯಲ್ಲ.

ಆದರೆ 2008ರಿಂದ 2018ರವರೆಗೆ ಆ ತಂಡದ ಪರವಾಗಿ ರೇಸು ಓಡಿಸಿದವರು ಏಳೇ ಮಂದಿ: ಸುಟಿಲ್, ಫಿಸಿಕೆಲ್ಲಾ, ಲಿಯುಟ್ಸಿ, ಡಿ ರೆಸ್ಟಾ, ಹುಲ್ಕೆನ್‌ಬರ್ಗ್, ಪೆರೆಝ್, ಓಕಾನ್. ಜರ್ಮನಿ, ಇಟಲಿ, ಸ್ಕಾಟ್ಲೆಂಡ್, ಮೆಕ್ಸಿಕೊ, ಫ್ರಾನ್ಸ್‌ನವರು. 2011ರ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದಲ್ಲಿ ಮೊದಲ ಇಂಡಿಯನ್ ಗ್ರಾನ್ ಪ್ರಿ ನಡೆದಾಗ ಭಾರತದ ನರೇನ್ ಕಾರ್ತಿಕೇಯನ್ ಓಡಿಸಿದ್ದು ಸ್ಪೇನ್ ದೇಶದ ಎಚ್‌ಆರ್‌ಟಿ ತಂಡದ ಕಾರನ್ನು.

ಸೋಜಿಗವೆಂದರೆ, ನರೇನ್‌ಗೆ 2005ರಲ್ಲಿ ಮೊದಲ ಸೀಟು ಕೊಟ್ಟದ್ದು ಇದೇ ಸಿಲ್ವರ್‌ಸ್ಟನ್ ಕಾರ್ಖಾನೆ! ಆಗ ಅದರ ಹೆಸರು ಜೋರ್ಡಾನ್. ಅದೇ ಮುಂದೆ ಮಿಡ್‌ಲೆಂಡ್, ಸ್ಪೈಕರ್, ಫೋರ್ಸ್ ಇಂಡಿಯಾ ಎಂದು ಹೆಸರು ಬದಲಿಸುತ್ತ ಬಂತು. ಪರದೇಶದವರ ಕೈಯಲ್ಲಿದ್ದಾಗ ಭಾರತೀಯನನ್ನು ಕೂರಿಸಿದ ತಂಡ, ಭಾರತೀಯನ ಕೈಗೆ ಬಂದಾಗ ಕೂರಿಸಲಿಲ್ಲ. ಇದನ್ನು ದೇಶಾಭಿಮಾನದ ಕೊರತೆ ಎಂದು ಹಳಿದವರಿದ್ದಾರೆ. ಲೆಕ್ಕದ ಪುಸ್ತಕ ಬೇರೆ ಮಾತು ಹೇಳುತ್ತದೆ. ನರೇನ್ ಪ್ರತಿಭಾವಂತ, ನಿಜ. ಅವರ ಬೆನ್ನಿಗೆ ಟಾಟಾ ಸಮೂಹದ ಪ್ರಾಯೋಜಕತ್ವವೂ ಇತ್ತು. ಜೋರ್ಡಾನ್‌ಗೆ ಆಗ ಹಣ ಬೇಕಿತ್ತು. ಫೋರ್ಸ್ ಇಂಡಿಯಾಕ್ಕೆ ಬೇಕಿದ್ದದ್ದು ಅಂಕಗಳು. ವರ್ಷದ ಕೊನೆಯಲ್ಲಿ ತಂಡಗಳಿಗೆ ಬರುವ ಪಾಲು ಪಟ್ಟಿಯಲ್ಲಿನ ಸ್ಥಾನವನ್ನು ಅವಲಂಬಿಸಿದೆ. ಒಂದು ಮೆಟ್ಟಿಲು ಕೆಳಗಿಳಿದರೆ ಕೋಟಿಗಟ್ಟಲೆ ನಷ್ಟ. ಅನುಭವಿಯನ್ನೋ, ಪ್ರಾಯೋಜಕರನ್ನು ಕರೆತರುವವನನ್ನೋ ಕೂರಿಸುವುದು ಅಂಥ ತಂಡಕ್ಕೆ ಅನಿವಾರ್ಯ. 2014ರಲ್ಲಿ ಬಂದ ಪೆರೆಝ್ ಎರಡೂ ಆಗಿದ್ದರು.

ನರೇನ್ ಗಳಿಸಿದ ಅಂಕಗಳ ಬಗೆಗೂ ಅಭಿಮಾನಿಗಳಲ್ಲಿ ಎರಡು ಪಕ್ಷ. 2005ರಲ್ಲಿ ರೇಸಿನ ನಡುವೆ ಟೈರು ಬದಲಿಸಬಾರದೆಂಬ ನಿಯಮವಿತ್ತು. ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ, ಓರೆಯಾಗಿ ಎತ್ತರಿಸಿದ ತಿರುವಿನ ಒತ್ತಡವನ್ನು ಮಿಶೆಲಿನ್ ಟೈರುಗಳು ತಾಳಲಾರವೆಂದು ಗೊತ್ತಾಗಿ, ಆ ಟೈರಿನ 14 ಕಾರುಗಳು ರೇಸು ಶುರುವಾಗುವ ಮೊದಲೇ ಹಿಂದೆ ಸರಿದವು. ಬ್ರಿಜ್‌ಸ್ಟನ್ ಟೈರಿನ ಆರೇ ಕಾರುಗಳು ಓಡಿದವು. ನರೇನ್ ನಾಲ್ಕನೆಯವರಾಗಿ ಐದು ಅಂಕ ಪಡೆದರು. ಫಾರ್ಮುಲಾ ಒನ್‌ನಲ್ಲಿ ಭಾರತೀಯನೊಬ್ಬ ಪಡೆದ ಅಂಕಗಳು ಇಂದಿಗೂ ಅವಷ್ಟೇ. ಆರು ಜನರಲ್ಲಿ ನಾಲ್ಕನೆಯವನಾಗುವುದು ಏನು ಮಹಾ ಎನ್ನುವವರಿದ್ದಾರೆ. ನಿಯಮ ಎಲ್ಲರಿಗೂ ಒಂದೇ ಇತ್ತು, ಅದರೊಳಗೆ ಓಡಿದವನಿಗೆ ಅಂಕ ಸಲ್ಲಬೇಕು ಎನ್ನುವವರದೂ ನ್ಯಾಯವಾದ ಮಾತೇ.

ಹಣ ಕೊಟ್ಟು ಸೀಟು ಪಡೆಯುವುದೆಂದರೆ ನಮ್ಮವರಿಗೆ ಕಾಲೇಜಿನ ಡೊನೇಷನ್ ನೆನಪಾಗುತ್ತದೆ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೂರು ಬಾರಿ ಚಾಂಪಿಯನ್ ಆದ ನಿಕಿ ಲಾಡಾ ಬ್ಯಾಂಕ್ ಸಾಲ ಮಾಡಿ ಸೀಟು ಪಡೆದವರು. ಏಳು ಬಾರಿ ಗೆದ್ದ ಮೈಕೆಲ್ ಶುಮಾಕರ್ 1991ರಲ್ಲಿ ಇದೇ ಜೋರ್ಡಾನ್ ಕಾರಿನಲ್ಲಿ ಮೊದಲ ಬಾರಿ ಕುಳಿತಾಗ ಅದಕ್ಕೆ ಹಣ ತೆತ್ತದ್ದು ಮರ್ಸಿಡಿಸ್ ಕಂಪನಿ. ಹಣ ಬಾಗಿಲು ತೆರೆಯುತ್ತದೆ. ಒಳಹೊಕ್ಕವನು ನಿಲ್ಲುತ್ತಾನೋ ಇಲ್ಲವೋ ಎಂಬುದನ್ನು ಗಡಿಯಾರ ನಿರ್ಧರಿಸುತ್ತದೆ. ಹಣವಿಲ್ಲದವನಿಗೆ ಬಾಗಿಲೇ ಕಾಣದಿರುವುದು ಬೇರೆಯೇ ಅನ್ಯಾಯ.

ಫೋರ್ಸ್ ಇಂಡಿಯಾದ ಕೊನೆಯೂ ಇದಕ್ಕೆ ಸಾಕ್ಷಿ. ಸಾಲದ ಪ್ರಕರಣಗಳ ನಡುವೆ ಮಲ್ಯ 2016ರಲ್ಲಿ ದೇಶ ಬಿಟ್ಟರು. 2018ರ ಜುಲೈನಲ್ಲಿ ಬಾಕಿ ಹಣಕ್ಕಾಗಿ ಪೆರೆಝ್ ಅವರೇ ನ್ಯಾಯಾಲಯದ ಮೆಟ್ಟಿಲೇರಿದರು. ತಂಡ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಮುಚ್ಚುವ ಬದಲು ಹೊಸ ಒಡೆಯರು ಸಿಕ್ಕಿದ್ದರಿಂದ ನೂರಾರು ನೌಕರರ ಕೆಲಸ ಉಳಿಯಿತು. ಕೆನಡಾದ ಲಾರೆನ್ಸ್ ಸ್ಟ್ರೋಲ್ ಮತ್ತು ಸಂಗಡಿಗರು ಕೊಂಡರು. 2019ರಲ್ಲಿ ಓಕಾನ್ ಸೀಟು ಕಳೆದುಕೊಂಡರು. ಅಲ್ಲಿ ಬಂದು ಕುಳಿತವರು ಒಡೆಯರ ಮಗ ಲ್ಯಾನ್ಸ್ ಸ್ಟ್ರೋಲ್. 2020ರ ಕೊನೆಯಲ್ಲಿ ಪೆರೆಝ್ ಬಹ್ರೇನ್‌ನ ಸಾಖಿರ್ ರೇಸನ್ನು ಗೆದ್ದುಕೊಟ್ಟರು. ಆದರೆ ಆ ವೇಳೆಗಾಗಲೇ ಅವರ ಸೀಟನ್ನು ವೆಟ್ಟಲ್‌ಗೆ ಕೊಟ್ಟಾಗಿತ್ತು. 2021ರಿಂದ ಆ ತಂಡದ ಹೆಸರು ಆಸ್ಟನ್ ಮಾರ್ಟಿನ್.

ಈಗ ಹಣವೊಂದೇ ಸಾಲದು. 2015ರಲ್ಲಿ ಮ್ಯಾಕ್ಸ್ ವೆರ್‌ಸ್ಟಾಪನ್ 17ನೇ ವಯಸ್ಸಿಗೇ ಫಾರ್ಮುಲಾ ಒನ್‌ಗೆ ಬಂದಾಗ ಭಾರೀ ಚರ್ಚೆಯಾಯಿತು. 2016ರಿಂದ ನಿಯಮ ಬಿಗಿಯಾಯಿತು: ಚಾಲಕನಿಗೆ 18 ತುಂಬಿರಬೇಕು, ಕೆಳಗಿನ ರೇಸುಗಳಲ್ಲಿ ಮೂರು ವರ್ಷಗಳೊಳಗೆ 40 ಅಂಕ ಗಳಿಸಿ ಸೂಪರ್ ಲೈಸೆನ್ಸ್ ಪಡೆಯಬೇಕು. ಫಾರ್ಮುಲಾ ಟೂನಲ್ಲಿ ವರ್ಷದ ಮೊದಲ ಮೂವರಿಗೆ ಒಮ್ಮೆಲೇ 40 ಅಂಕ, ಐದನೆಯವನಿಗೆ 20, ಅಲ್ಲಿಂದ ಕೆಳಗೆ ಬೆರಳೆಣಿಕೆಯಷ್ಟು.

ಕರ್ನಾಟಕದ ಹುಡುಗರು ಈ ಮೆಟ್ಟಿಲ ಬಳಿಯೇ ಏದುಸಿರು ಬಿಡುತ್ತಿದ್ದಾರೆ. 2011ರಲ್ಲಿ ಫೋರ್ಸ್ ಇಂಡಿಯಾ ದೇಶದಾದ್ಯಂತ ಎಳೆಯ ಚಾಲಕರನ್ನು ಹುಡುಕಿದಾಗ ಆಯ್ಕೆಯಾದ ಮೂವರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಒಬ್ಬರು. ಅವರು 2018ರಲ್ಲಿ ಫಾರ್ಮುಲಾ ಟೂವರೆಗೆ ಏರಿ, ಬಳಿಕ ಜರ್ಮನಿಯ ಡಿಟಿಎಂ ರೇಸಿನತ್ತ ಹೊರಳಿದರು. ತಮ್ಮ ಕುಶ್ ಮೈನಿ 2024ರಲ್ಲಿ ಹಂಗೆರಿಯಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ರೇಸು ಗೆದ್ದರು. ಮೊದಲು ಬಂದವನ ಕಾರಿನಲ್ಲಿ ನಿಯಮಭಂಗ ಕಂಡುಬಂದು ಗೆಲುವು ಇವರ ಪಾಲಾಯಿತು. 2025ರ ಮೇನಲ್ಲಿ ಮೊನಾಕೊದ ಇಕ್ಕಟ್ಟಾದ ಬೀದಿಗಳಲ್ಲಿ ಗೆದ್ದಾಗ ಯಾವ ತಕರಾರೂ ಇರಲಿಲ್ಲ. ಆ ವರ್ಷ ಅವರು ಆಲ್ಪೀನ್ ಫಾರ್ಮುಲಾ ಒನ್ ತಂಡದ ಮೀಸಲು ಚಾಲಕರೂ ಆಗಿದ್ದರು. ಆದರೂ ಒಂದೆರಡು ಗೆಲುವಿನಿಂದ 40 ಅಂಕ ಕೂಡುವುದಿಲ್ಲ, ವರ್ಷವಿಡೀ ಮುಂದಿರಬೇಕು.

ಮೈನಿಯವರದು ಉದ್ಯಮಿ ಕುಟುಂಬ. ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರನ್ನು ತಂದ ಮನೆತನ. ಕಾರ್ಟಿಂಗ್‌ನಿಂದ ಫಾರ್ಮುಲಾ ಟೂವರೆಗಿನ ದಾರಿಯಲ್ಲಿ ಹತ್ತಾರು ಕೋಟಿ ರೂಪಾಯಿ ಕರಗುತ್ತದೆ, ಎಳವೆಯಲ್ಲೇ ಯುರೋಪಿಗೆ ಹೋಗಿ ನೆಲೆಸಬೇಕಾಗುತ್ತದೆ. ಅವರಿಗೇ ಇಷ್ಟು ಕಷ್ಟವಾದರೆ ಸೇಡಂನ ಸಿಮೆಂಟ್ ಕಾರ್ಖಾನೆಯ ಕಾರ್ಮಿಕನ ಮಗನ ಗತಿಯೇನು? ನರೇನ್, ಕರುಣ್ ಚಂದೋಕ್ ಇಬ್ಬರೂ ತಮಿಳುನಾಡಿನಿಂದ ಬಂದದ್ದು ಆಕಸ್ಮಿಕವಲ್ಲ. ಕೊಯಮತ್ತೂರು, ಚೆನ್ನೈಗಳಲ್ಲಿ ರೇಸಿಗೆಂದೇ ಕಟ್ಟಿದ ಹಾದಿಗಳಿವೆ. ನೋಯ್ಡಾದ ಭಾರೀ ಹಾದಿಯಾದರೋ, ಇದು ಕ್ರೀಡೆಯಲ್ಲ, ಮನರಂಜನೆ ಎಂಬ ತೆರಿಗೆಯ ಜಗಳದಲ್ಲಿ 2013ರ ನಂತರ ಫಾರ್ಮುಲಾ ಒನ್ ಕಾರುಗಳನ್ನು ಕಾಣಲಿಲ್ಲ.

ಹಾಗಾಗಿ ‘ಮಲ್ಯ ಏಕೆ ನಮ್ಮವನನ್ನು ಕೂರಿಸಲಿಲ್ಲ’ ಎಂಬ ಪ್ರಶ್ನೆ ತಪ್ಪಲ್ಲ, ಆದರೆ ತಡವಾದ ಪ್ರಶ್ನೆ. ಸೀಟು ಹಂಚುವ ದಿನಕ್ಕೆ ಹದಿನೈದು ವರ್ಷ ಮೊದಲು, ಎಂಟರ ಹುಡುಗನಿಗೋ ಹುಡುಗಿಗೋ ಬಾಡಿಗೆ ಕಾರ್ಟ್ ಎಷ್ಟು ರೂಪಾಯಿಗೆ, ಎಷ್ಟು ದೂರದಲ್ಲಿ ಸಿಗುತ್ತದೆ ಎಂದು ಕೇಳಬೇಕಿತ್ತು. ಈಗಲೂ ಕೇಳಬಹುದು.